ಮಂಪರು ಮತ್ತು ಮಿಲಿಲೀಟರು: ಮಕ್ಕಳ ಅಲರ್ಜಿ ಔಷಧಗಳನ್ನು ಕುರಿತು

ಮಗುವಿನ ಮೈಮೇಲೆ ಪಿತ್ತಗಂದೆ ಎದ್ದಿದೆ, ಇಲ್ಲವೇ ವಾರದಿಂದ ಮೂಗು ಸೋರುತ್ತಿದೆ. ವೈದ್ಯರು ಬರೆದುಕೊಟ್ಟ ಸಿರಪ್ ಒಂದು ಚಮಚ ಹೊಟ್ಟೆಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮಗು ಮಲಗುತ್ತದೆ. ‘ಔಷಧಿ ಹಿಡೀತು’ ಎನ್ನುತ್ತಾರೆ ಮನೆಯವರು. ಈ ಮಾತೇ ಪ್ರಸ್ತುತ ಲೇಖನದ ವಸ್ತು. ನಮ್ಮ ಮನೆಗಳಲ್ಲಿ ಅಲರ್ಜಿ ಔಷಧದ ಗುಣವನ್ನು ನಿದ್ದೆಯಿಂದ ಅಳೆಯುತ್ತೇವೆ, ಅಳೆಯಬೇಕಾದ ಪ್ರಮಾಣವನ್ನು ಮಾತ್ರ ಕಣ್ಣಂದಾಜಿಗೆ ಬಿಡುತ್ತೇವೆ.

ನಿದ್ದೆಗೂ ಗುಣಕ್ಕೂ ಗಂಟು ಬಿದ್ದದ್ದು ಈ ಔಷಧಗಳ ಹುಟ್ಟಿನಲ್ಲೇ. ಹಿಸ್ಟಮಿನ್ ಎಂಬ ದೇಹದ ರಾಸಾಯನಿಕ ಚರ್ಮದಲ್ಲಿ ತುರಿಕೆ ಎಬ್ಬಿಸುತ್ತದೆ. ಅದೇ ಹಿಸ್ಟಮಿನ್ ಮಿದುಳಿನಲ್ಲಿ ಎಚ್ಚರವನ್ನು ಕಾಯುತ್ತದೆ. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಸಂಗಡಿಗರು ಹಿಸ್ಟಮಿನ್ ತಡೆಯುವ ಮೊದಲ ಔಷಧವನ್ನು, ಅಂದರೆ ಮೊದಲ ಆ್ಯಂಟಿಹಿಸ್ಟಮಿನ್ ಅನ್ನು, ಗುರುತಿಸಿದರು. 1957ರಲ್ಲಿ ಬೊವೆಗೆ ನೊಬೆಲ್ ಬಂತು. 1940ರ ದಶಕದಲ್ಲಿ ಬಂದ ಪ್ರೊಮೆಥಜೀನ್ ಎಷ್ಟು ಮಂಪರು ತರಿಸುತ್ತಿತ್ತೆಂದರೆ, ಅದರ ಬಳಗದಲ್ಲೇ ಹುಡುಕಾಡಿದ ಫ್ರೆಂಚ್ ರಸಾಯನಜ್ಞರಿಗೆ 1950ರ ಕೊನೆಗೆ ಕ್ಲೋರ್‌ಪ್ರೊಮಜೀನ್ ಸಿಕ್ಕಿತು. ಮನೋರೋಗದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಆ ಔಷಧವೂ ನಾವು ನೆಗಡಿಗೆ ಕುಡಿಸುವ ಸಿರಪ್ಪೂ ದಾಯಾದಿಗಳು. ಪ್ರೊಮೆಥಜೀನ್, ಕ್ಲೋರ್‌ಫೆನಿರಮೈನ್, ಹೈಡ್ರಾಕ್ಸಿಜೀನ್ ಮುಂತಾದ ಮೊದಲ ಪೀಳಿಗೆಯ ಔಷಧಗಳೆಲ್ಲ ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟುತ್ತವೆ. ಕೆಲವು ಮಕ್ಕಳಲ್ಲಿ ಪರಿಣಾಮ ತಿರುಗುಮುರುಗಾಗಿ, ಮಲಗುವ ಬದಲು ರಾತ್ರಿಯಿಡೀ ರಚ್ಚೆ ಹಿಡಿಯುವುದೂ ಉಂಟು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಪ್ರೊಮೆಥಜೀನ್ ಉಸಿರಾಟವನ್ನೇ ಕುಗ್ಗಿಸಿ ಪ್ರಾಣ ತೆಗೆಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆ ಹಾಕಿಸಿತು. ರಾತ್ರಿ ಬಸ್ಸು ಹತ್ತುವ ಮುಂಚೆ ‘ಮಗು ತೊಂದರೆ ಕೊಡದಿರಲಿ’ ಎಂದು ಒಂದು ಚಮಚ ಕುಡಿಸುವವರು ಈ ಸಂಗತಿಯನ್ನು ಕೇಳಿಯೇ ಇರುವುದಿಲ್ಲ.

ಎರಡನೇ ಪೀಳಿಗೆಯ ಸೆಟಿರಿಜೀನ್, ಲೆವೊಸೆಟಿರಿಜೀನ್, ಫೆಕ್ಸೊಫೆನಡಿನ್‌ಗಳು ಮಿದುಳಿಗೆ ಹೋಗುವುದು ಕಡಿಮೆ. ಸೆಟಿರಿಜೀನ್ ಅಂದರೆ ಹೈಡ್ರಾಕ್ಸಿಜೀನ್ ನಮ್ಮ ದೇಹದಲ್ಲೇ ರೂಪಾಂತರಗೊಂಡು ಸಿಗುವ ವಸ್ತು. ಕಡಿಮೆ ಎಂದರೆ ಇಲ್ಲವೆಂದಲ್ಲ, ಸೆಟಿರಿಜೀನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಅದು ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ, ಆದ್ದರಿಂದ ಮೂತ್ರಪಿಂಡದ ತೊಂದರೆಯಿರುವ ಮಗುವಿಗೆ ಪ್ರಮಾಣ ತಗ್ಗಬೇಕು. ಫೆಕ್ಸೊಫೆನಡಿನ್ ಅನ್ನು ಹಣ್ಣಿನ ರಸದ ಜೊತೆ ಕೊಟ್ಟರೆ ದೇಹ ಹೀರಿಕೊಳ್ಳುವ ಅಂಶವೇ ಇಳಿಯುತ್ತದೆ, ನೀರೇ ಸಾಕು. ಇನ್ನೊಂದು ಮಾತು. ಈ ಸಿರಪ್‌ಗಳು ಗಂದೆ ಇಳಿಸುತ್ತವೆಯೇ ಹೊರತು, ಗಂಟಲು ಬಾತು ಉಸಿರು ಕಟ್ಟುವ ತೀವ್ರ ಅಲರ್ಜಿಯನ್ನು ತಡೆಯಲಾರವು. ಅಲ್ಲಿ ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು, ಅದೂ ತಡವಿಲ್ಲದೆ.

ಇನ್ನು ಅಳತೆಯ ಪ್ರಶ್ನೆ. ಹಿಂದೆ ಬಜೆಬೇರು ತೇಯುವ ಅಜ್ಜಿಗೂ ಒಂದು ಲೆಕ್ಕವಿತ್ತು: ಇಷ್ಟು ತಿಂಗಳ ಕೂಸಿಗೆ ಕಲ್ಲಿನ ಮೇಲೆ ಇಷ್ಟು ಸುತ್ತು. ತೇಯ್ದದ್ದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ಒಳಲೆ ಉಳಿಯಿತು, ಲೆಕ್ಕ ಹೋಯಿತು. ಚೀಟಿಯಲ್ಲಿ ‘ಅರ್ಧ ಚಮಚ’ ಎಂದಿದ್ದರೆ ಅದು 5 ಮಿ.ಲೀ. ಚಮಚದ ಅರ್ಧ; ಅಡುಗೆಮನೆಯಲ್ಲಿ ಕೈಗೆ ಸಿಗುವ ಚಮಚ ಕಾಫಿಪುಡಿಯದ್ದೂ ಆಗಬಹುದು, ಉಪ್ಪಿನಕಾಯಿಯದ್ದೂ ಆಗಬಹುದು. ಲೆವೊಸೆಟಿರಿಜೀನ್ ಪ್ರಮಾಣ ಆರು ತಿಂಗಳಿಂದ ಐದು ವರ್ಷದವರೆಗೆ ದಿನಕ್ಕೆ 1.25 ಮಿ.ಗ್ರಾಂ., ಆರರಿಂದ ಹನ್ನೊಂದಕ್ಕೆ 2.5 ಮಿ.ಗ್ರಾಂ. ಎಂದು ಅಮೆರಿಕದ ಅಧಿಕೃತ ಸೂಚನಾಪತ್ರ ಹೇಳುತ್ತದೆ. 5 ಮಿ.ಲೀ.ಗೆ 2.5 ಮಿ.ಗ್ರಾಂ. ಇರುವ ಸಿರಪ್‌ನಲ್ಲಿ ಅರ್ಧ ಚಮಚಕ್ಕೂ ಒಂದು ಚಮಚಕ್ಕೂ ನಡುವೆ ಇರುವುದು ವರ್ಷಗಳ ಅಂತರ.

ಇದಕ್ಕಿಂತ ದೊಡ್ಡ ಬಲೆ ಹನಿ ಔಷಧದ್ದು. ಕ್ಲೋರ್‌ಫೆನಿರಮೈನ್ ಮತ್ತು ಫೆನೈಲೆಫ್ರಿನ್ ಬೆರೆತ ಹನಿಗಳಲ್ಲಿ 1 ಮಿ.ಲೀ.ಗೇ 2 ಮಿ.ಗ್ರಾಂ. ಕ್ಲೋರ್‌ಫೆನಿರಮೈನ್ ಇರುತ್ತದೆ, ಹಲವು ಸಿರಪ್‌ಗಳಲ್ಲಿ ಅಷ್ಟೇ ಔಷಧ 5 ಮಿ.ಲೀ.ನಲ್ಲಿ ಹರಡಿರುತ್ತದೆ. ಹೆಸರು ಒಂದೇ, ಶೀಷೆ ಬೇರೆ. ಹನಿಯನ್ನು ಸಿರಪ್ಪಿನ ಚಮಚದಲ್ಲಿ ಕೊಟ್ಟರೆ ಐದು ಪಟ್ಟು. ಈ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲೇ ಬರೆಯುವಂತೆ ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ಹನಿಯ ಶೀಷೆ ಕೊಳ್ಳುವುದೇ ಕೂಸುಗಳಿಗಾಗಿ ಎಂಬುದನ್ನು ನೆನೆದರೆ ಆ ಆದೇಶದ ವ್ಯಂಗ್ಯ ತಿಳಿಯುತ್ತದೆ.

ಮಿಶ್ರಣಗಳ ಇನ್ನೊಂದು ತೊಡಕು, ಒಳಗೇನಿದೆ ಎಂಬುದೇ ಮರೆತುಹೋಗುವುದು. ಲೆವೊಸೆಟಿರಿಜೀನ್ ಜೊತೆ ಮಾಂಟೆಲುಕಾಸ್ಟ್ ಸೇರಿಸಿದ ಸಿರಪ್ ನಮ್ಮಲ್ಲಿ ಬಹು ಬಳಕೆಯದ್ದು. ಮಾಂಟೆಲುಕಾಸ್ಟ್ ಕೆಲವರಲ್ಲಿ ದುಃಸ್ವಪ್ನ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳನ್ನೂ ಉಂಟುಮಾಡಬಹುದೆಂದು 2020ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿ, ಸೌಮ್ಯ ಮೂಗಿನ ಅಲರ್ಜಿಗೆ ಬೇರೆ ಔಷಧ ಸಾಕಾದರೆ ಇದು ಬೇಡವೆಂದಿತು. ನಮ್ಮ ಕಡೆ ಮಗು ರಾತ್ರಿ ಬೆಚ್ಚಿಬಿದ್ದು ಅತ್ತರೆ ದೃಷ್ಟಿ ತೆಗೆಯುತ್ತೇವೆ. ತೆಗೆಯೋಣ, ಆದರೆ ಹೊಸ ಸಿರಪ್ ಶುರುವಾದದ್ದು ಯಾವಾಗ ಎಂದು ವೈದ್ಯರಿಗೂ ಒಂದು ಮಾತು ಹೇಳೋಣ.

ಅಳತೆ ಸರಿಯಿದ್ದೂ ಮನೆಯವರು ಅಸಹಾಯಕರಾಗುವ ಸಂದರ್ಭವೊಂದಿದೆ, ಅದು ನನ್ನ ವಾದದ ಮಿತಿಯೂ ಹೌದು. 2022ರಲ್ಲಿ ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ ಭಾರತೀಯ ತಯಾರಿಕೆಯ ನಾಲ್ಕು ದ್ರವ ಔಷಧಗಳಲ್ಲಿ ಒಂದು ಪ್ರೊಮೆಥಜೀನ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡ ಸಿರಪ್‌ನಲ್ಲಿ ಕ್ಲೋರ್‌ಫೆನಿರಮೈನ್ ಇತ್ತು. ಎರಡು ಕಡೆಯೂ ಕೊಂದದ್ದು ಆ ಔಷಧಗಳಲ್ಲ, ದ್ರವದಲ್ಲಿ ಸೇರಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದರ ಲಕ್ಷಣಗಳು ವಾಂತಿ, ಹೊಟ್ಟೆನೋವು, ಮೂತ್ರ ನಿಲ್ಲುವುದು, ಮತ್ತೆ ಮಂಪರು. ಸಿರಪ್ ಕುಡಿದ ಮಗು ತೂಗಿ ಬಿದ್ದಾಗ ‘ಔಷಧಿ ಹಿಡೀತು’ ಎನ್ನುವ ಬಾಯಿಗೆ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆ ಬರುವುದೇ ಇಲ್ಲ.

ಹೀಗಾಗಿ ಚೀಟಿಯ ಭಾಷೆ ಬದಲಾಗಬೇಕೆಂಬುದು ನನ್ನ ಸಲಹೆ. ‘ಚಮಚ’ದ ಜಾಗದಲ್ಲಿ ಮಿ.ಗ್ರಾಂ. ಮತ್ತು ಮಿ.ಲೀ. ಎರಡೂ ಇರಲಿ, ಪಕ್ಕದಲ್ಲಿ ಮಗುವಿನ ಅಂದಿನ ತೂಕ, ಎಷ್ಟು ದಿನ ಎಂಬುದು, ಅದೂ ಕನ್ನಡದಲ್ಲಿ. ಔಷಧದಂಗಡಿಯವರು ಶೀಷೆಯ ಜೊತೆ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಕೊಟ್ಟು, ಯಾವ ಗೆರೆಯವರೆಗೆ ಎಳೆಯಬೇಕೆಂದು ಪೆನ್ನಿನಲ್ಲಿ ಗುರುತು ಹಾಕಿದರೆ ಓದುಬರಹ ಬಾರದ ಅಜ್ಜಿಯೂ ತಪ್ಪುವುದಿಲ್ಲ; ಸುತ್ತು ಎಣಿಸಿ ತೇಯ್ದ ಕೈ ಅದು.