ಗೂನುಬೆನ್ನಿನ ಮಹಶೀರ್

ಗೂನುಬೆನ್ನಿನ ಮಹಶೀರ್ (ವೈಜ್ಞಾನಿಕ ಹೆಸರು: ಟಾರ್ ರೆಮಾದೇವಿ) ಕಾವೇರಿ ನದೀವ್ಯವಸ್ಥೆಯಲ್ಲಿ ಮಾತ್ರ ಕಂಡುಬರುವ ಸಿಹಿನೀರಿನ ಮೀನು. ಇದು ಗೆಂಡೆಮೀನುಗಳ ಕುಟುಂಬಕ್ಕೆ ಸೇರಿದೆ. ಕನ್ನಡದಲ್ಲಿ ಇದನ್ನು ಬಿಳಿಮೀನು ಎಂದೂ ಕರೆಯುತ್ತಾರೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಕೆಂಪುಪಟ್ಟಿಗೆ ಸೇರಿಸಿತು. ಈ ಮೀನಿನ ಅವನತಿಯು ಗಾಳಗಾರರು ಇಟ್ಟ ದಾಖಲೆಗಳಿಂದಲೇ ಬೆಳಕಿಗೆ ಬಂದದ್ದು ಗಮನಾರ್ಹವಾಗಿದೆ.

ಸ್ವರೂಪ

ದೊಡ್ಡ ಹುರುಪೆಗಳು, ಹೊನ್ನಿನ ಛಾಯೆ ಮತ್ತು ತಲೆಯ ಹಿಂಭಾಗದಿಂದ ಬೆನ್ನಿನ ಈಜುರೆಕ್ಕೆಯತ್ತ ಏರುವ ಗೂನು ಇದರ ಮುಖ್ಯ ಲಕ್ಷಣಗಳು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್ (ಸುಮಾರು 54 ಕಿ.ಗ್ರಾಂ) ತೂಕದ ಮೀನನ್ನು ಗಾಳಕ್ಕೆ ಹಿಡಿದಿದ್ದರು.

ನಾಮಕರಣ

ಗಾಳಗಾರರಿಗೆ ಈ ಮೀನು ಶತಮಾನಕ್ಕೂ ಹೆಚ್ಚು ಕಾಲದಿಂದ ಪರಿಚಿತವಾಗಿದ್ದರೂ ಅದರ ವೈಜ್ಞಾನಿಕ ಗುರುತು ಬಹುಕಾಲ ಅಸ್ಪಷ್ಟವಾಗಿತ್ತು. ಕಾವೇರಿಯ ಉಪನದಿಯಾದ ಪಾಂಬಾರಿನಲ್ಲಿ ದೊರೆತ ಮೀನುಗಳ ಆಧಾರದ ಮೇಲೆ 2007ರಲ್ಲಿ ಟಾರ್ ರೆಮಾದೇವಿ ಎಂಬ ಪ್ರಭೇದವನ್ನು ವರ್ಣಿಸಲಾಯಿತು. ಗೂನುಬೆನ್ನಿನ ಮಹಶೀರ್ ಇದೇ ಪ್ರಭೇದವೆಂದು ದೇಹರಚನೆ ಮತ್ತು ಡಿಎನ್‌ಎ ಅಧ್ಯಯನಗಳು 2018ರಲ್ಲಿ ತೋರಿಸಿದವು.

ಗಾಳಗಾರರ ದಾಖಲೆಗಳು

ಕಾವೇರಿ ತೀರದ ಗಾಲಿಬೋರೆಯಲ್ಲಿ ಹಿಡಿದು ಬಿಡುವ ಪದ್ಧತಿಯ ಗಾಳದ ಶಿಬಿರವಿತ್ತು. 1998ರಿಂದ 2012ರವರೆಗಿನ ಅಲ್ಲಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಅವುಗಳಲ್ಲಿ ಸುಮಾರು 23,600 ಗಂಟೆಗಳ ಗಾಳಗಾರಿಕೆ ಮತ್ತು 6,000ಕ್ಕೂ ಹೆಚ್ಚು ಮೀನುಗಳ ವಿವರವಿತ್ತು. ಸಿಕ್ಕ ಮೀನಿನ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. ಹೆಚ್ಚು ಹೊತ್ತು ಗಾಳ ಹಾಕಿದರೆ ಸಹಜವಾಗಿಯೇ ಹೆಚ್ಚು ಮೀನು ಸಿಗುತ್ತದೆ. ಆದ್ದರಿಂದ ಗಂಟೆಗೆ ಎಷ್ಟು ಮೀನು ಎಂಬ ಲೆಕ್ಕವನ್ನು ಅಳತೆಗೋಲಾಗಿ ಬಳಸುತ್ತಾರೆ.

ಈ ಲೆಕ್ಕದಂತೆ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ಈಜುರೆಕ್ಕೆಯ ಮಹಶೀರ್‌ಗಳು. ಗೂನುಬೆನ್ನಿನವು ವಿರಳವಾಗುತ್ತಾ ಬಂದಿದ್ದವು. ಸಿಕ್ಕ ಕೆಲವೂ ವರ್ಷದಿಂದ ವರ್ಷಕ್ಕೆ ದೊಡ್ಡ ಗಾತ್ರದವಾಗಿದ್ದವು. ಹಳೆಯ ಮೀನುಗಳು ಉಳಿದಿದ್ದು, ಮರಿಗಳು ಬೆಳೆದು ಸಂತತಿಗೆ ಸೇರುತ್ತಿರಲಿಲ್ಲ ಎಂಬುದೇ ಇದರ ಸೂಚನೆ. ಎರಡು ಬಗೆಗಳನ್ನು ಬೇರೆಬೇರೆಯಾಗಿ ಬರೆದಿಡದೆ ಹೋಗಿದ್ದರೆ ಈ ಅವನತಿ ಒಟ್ಟು ಏರಿಕೆಯಲ್ಲಿ ಮರೆಯಾಗುತ್ತಿತ್ತು.

ಅಪಾಯಗಳು

ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್‌ನ ಪೈಪೋಟಿ, ಅಣೆಕಟ್ಟುಗಳು, ಮರಳು ಗಣಿಗಾರಿಕೆ, ಮಾಲಿನ್ಯ ಮತ್ತು ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇದರ ಉಳಿವಿಗೆ ಕಂಟಕವಾಗಿವೆ. ಮೀನುಮರಿಗಳನ್ನು ನದಿಗೆ ಬಿಡುವುದೆಲ್ಲ ಸಂರಕ್ಷಣೆಯಾಗದು. ಯಾವ ನದಿಗೆ ಯಾವ ಪ್ರಭೇದ ಎಂಬ ವಿವೇಚನೆ ಅಗತ್ಯ.

ಸಂರಕ್ಷಣೆಯಲ್ಲಿ ಗಾಳಗಾರರ ಪಾತ್ರ

ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿ ಗಾಳಗಾರಿಕೆ ನಿಂತಿದ್ದು, ಅದರೊಡನೆ ಈ ದಾಖಲೆಗಳೂ ನಿಂತವು. ಗಾಳಕ್ಕೆ ಅನುಮತಿಯಿರುವ ಬೇರೆ ನೀರುಗಳಲ್ಲಿ ಕೆಳಗಿನ ಕ್ರಮಗಳು ಉಪಯುಕ್ತ:

• ಮರುಮುಳ್ಳಿಲ್ಲದ ಗಾಳವನ್ನು ಬಳಸುವುದು.
• ಮೀನಿನ ಲೋಳೆಪದರ ಕೆಡದಂತೆ ಕೈಯನ್ನು ಒದ್ದೆ ಮಾಡಿಕೊಂಡು ಮುಟ್ಟುವುದು.
• ಮೀನನ್ನು ಆದಷ್ಟೂ ನೀರಿನಲ್ಲೇ ಇರಿಸಿ ಬೇಗನೆ ಬಿಟ್ಟುಬಿಡುವುದು.
• ದಿನಾಂಕ, ಸ್ಥಳ, ಗಾಳ ಹಾಕಿದ ಗಂಟೆಗಳು, ಪ್ರಭೇದ ಮತ್ತು ಅಳತೆಯನ್ನು ಬರೆದಿಡುವುದು. ಮೀನು ಸಿಗದ ದಿನವನ್ನೂ ದಾಖಲಿಸಬೇಕು.