ಉಪಶಾಮಕ ಆರೈಕೆ

ಜೀವಕ್ಕೆ ಎರವಾಗಬಲ್ಲ ಕಾಯಿಲೆ ಬಂದಾಗ ರೋಗಿಯ ನೋವು, ಉಬ್ಬಸ, ಭಯ, ಒಂಟಿತನಗಳನ್ನು ತಗ್ಗಿಸಿ, ರೋಗಿಗೂ ಮನೆಯವರಿಗೂ ಆಸರೆಯಾಗುವ ವೈದ್ಯಕೀಯ ಶಾಖೆ. ಕ್ಯಾನ್ಸರ್ ಅಲ್ಲದೆ ಹೃದಯ, ಮೂತ್ರಪಿಂಡ, ಶ್ವಾಸಕೋಶಗಳ ದೀರ್ಘ ರೋಗಗಳಿಗೂ ಇದು ಬೇಕು. ವೈದ್ಯರು ಕೈಚೆಲ್ಲಿದ ಮೇಲೆ ಕೊಡುವ ಆರೈಕೆ ಎಂಬ ತಿಳಿವಳಿಕೆ ತಪ್ಪು. ರೋಗ ಪತ್ತೆಯಾದ ದಿನದಿಂದಲೇ ಮುಖ್ಯ ಚಿಕಿತ್ಸೆಯ ಜೊತೆ ಇದೂ ನಡೆಯಬೇಕು.

ದಾದಿಯಾಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಇಂಥ ಆರೈಕೆಯ ಮನೆಯನ್ನು ತೆರೆದರು. ಭಾರತದ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬೈಯಲ್ಲಿ ಆರಂಭವಾದ ಶಾಂತಿ ಅವೇದನಾ ಸದನ. ಕರ್ನಾಟಕದಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ರಾಜ್ಯ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದವು. ಅದರ ‘ಕರುಣಾಶ್ರಯ’ 1999ರಿಂದ ನಡೆಯುತ್ತಿದೆ. ಕಟ್ಟಡ ಏಳುವ ಮೊದಲೇ ದಾದಿಯರು ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡತೊಡಗಿದ್ದರು. ಕರುಣಾಶ್ರಯದಲ್ಲಿ ಯಾರಿಂದಲೂ ಹಣ ಪಡೆಯುವುದಿಲ್ಲ.

ನಮ್ಮಲ್ಲಿ ಈ ಆರೈಕೆಯ ಕಷ್ಟದ ಘಟ್ಟ ರೋಗಿಗೆ ರೋಗದ ಹೆಸರು ಹೇಳುವುದು. ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯಂಥ ಕಡೆಯಿಂದ ದೊಡ್ಡ ಕಾಯಿಲೆಗೆ ಬಳ್ಳಾರಿಗೋ ದಾವಣಗೆರೆಗೋ ಹೋಗಬೇಕು, ಕೊನೆಗೆ ಬೆಂಗಳೂರು. ವೈದ್ಯರ ಕೋಣೆಯ ಬಾಗಿಲಲ್ಲೇ ಮಗ ಕೈ ಮುಗಿಯುತ್ತಾನೆ: “ಅಪ್ಪಗ ಹೇಳಬ್ಯಾಡ್ರಿ ಸಾರ್, ಎದಿ ಒಡಕೊಂತಾನ.” ಆದರೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆಯ ಹೆಸರೇ ಹಳ್ಳಿಗಳಲ್ಲಿ ಕ್ಯಾನ್ಸರಿಗೆ ಪರ್ಯಾಯ ಪದವಾಗಿದೆ. “ಕಿದ್ವಾಯಿಗೆ ಹೋಗೋಣ” ಎಂದ ಕ್ಷಣವೇ ಅಪ್ಪನಿಗೆ ಅರ್ಥವಾಗಿರುತ್ತದೆ. ಮುಂದೆ ಗೊತ್ತಿದ್ದೂ ಗೊತ್ತಿಲ್ಲದಂತೆ ಇಬ್ಬರೂ ಇರುತ್ತಾರೆ. ಹೊಲದ ಪಾಲು, ಮಗಳ ಮದುವೆ, ಕೊಟ್ಟೂರು ತೇರಿಗೆ ಇನ್ನೊಮ್ಮೆ ಹೋಗುವ ಆಸೆ ಎಲ್ಲವೂ ಗಂಟಲಲ್ಲೇ ಉಳಿಯುತ್ತವೆ. ಪ್ರೀತಿಯಿಂದ ಮುಚ್ಚಿಟ್ಟ ಈ ಮಾತು ರೋಗಿಯನ್ನು ತನ್ನ ಮನೆಯಲ್ಲೇ ಒಬ್ಬಂಟಿ ಮಾಡುತ್ತದೆ.

ಹಾಗೆಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದೂ ಸರಿಯಲ್ಲ. ಪಳಗಿದ ವೈದ್ಯರು ಮೊದಲು ಕೂರುತ್ತಾರೆ. “ನಿಮಗೆ ಏನಾಗಿದೆ ಅಂತ ಅನ್ನಿಸುತ್ತೆ?” ಎಂದು ಕೇಳಿ, ಎಷ್ಟು ತಿಳಿಯಲು ಮನಸ್ಸಿದೆಯೋ ಅಷ್ಟನ್ನೇ ಹೇಳಿ, ಸುಮ್ಮನಿರಲು ಬಿಡುತ್ತಾರೆ. ಗುಣವಾಗುವ ಆಸೆ ಕುಗ್ಗಿದರೂ ಇವತ್ತು ರಾತ್ರಿ ನೋವಿಲ್ಲದೆ ನಿದ್ದೆ ಬಂದೀತು, ಮೊಮ್ಮಗನ ಮುಖ ನೋಡಿಯೇನು ಎಂಬ ಭರವಸೆ ಉಳಿಯುತ್ತದೆ. ಅದನ್ನು ನಡೆಸಿಕೊಡುವುದು ಸಾಧ್ಯ.

ತೀವ್ರ ನೋವಿಗೆ ಮುಖ್ಯ ಔಷಧಿ ಬಾಯಿಯಿಂದ ಕೊಡುವ ಮಾರ್ಫಿನ್. ಸಾಮಾನ್ಯ ಮಾತ್ರೆಯನ್ನು ನೋವು ಮರಳುವ ಮುನ್ನವೇ, ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ಅದರಿಂದಾಗುವ ಮಲಬದ್ಧತೆಗೆ ಜೊತೆಯಲ್ಲೇ ಔಷಧಿ ಇರಬೇಕು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ದೇಶದಲ್ಲಿ ಬಹುಕಾಲ ದುರ್ಲಭವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ದಾರಿಯನ್ನು ಸರಳಗೊಳಿಸಿತು.

ತನಗೆ ಯಾವ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಆರೈಕೆ ಮಾಡುವವರ ಮನಸ್ಸೂ ದಣಿಯುತ್ತದೆ. ಮನಸ್ಸಿನ ಭಾರವನ್ನು ರೋಗಿಯಾಗಲಿ, ಮನೆಯವರಾಗಲಿ ಹಗಲು ರಾತ್ರಿ ಯಾವ ಹೊತ್ತಿಗಾದರೂ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಉಚಿತ ಸಂಖ್ಯೆ 14416.