ಮೈಸೂರು ಸಂಸ್ಥಾನವೂ ಯುದ್ಧಕಾಲದ ಚಿಲ್ಲರೆಯ ಅಭಾವವೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲೆಲ್ಲ ಚಿಲ್ಲರೆ ನಾಣ್ಯಗಳ ಅಭಾವ ತಲೆದೋರಿತು. ಜನರು ಭೀತಿಯಿಂದ ನಾಣ್ಯಗಳನ್ನು ಕೂಡಿಟ್ಟುದೂ ಲೋಹಕ್ಕೆ ಯುದ್ಧದ ಬೇಡಿಕೆ ಹೆಚ್ಚಿದುದೂ ಇದಕ್ಕೆ ಮುಖ್ಯ ಕಾರಣಗಳು. ಆಗ ಬೂಂದಿ, ಬಿಕಾನೇರ, ನವಾನಗರ, ಮೋರ್ವಿ ಮೊದಲಾದ ಸಂಸ್ಥಾನಗಳು ರಟ್ಟಿನ ತುಂಡುಗಳ ಮೇಲೆ ಬೆಲೆಯನ್ನು ಮುದ್ರಿಸಿ ನಾಣ್ಯಕ್ಕೆ ಬದಲಾಗಿ ಚಲಾವಣೆಗೆ ತಂದವು. ಮೈಸೂರು ಸಂಸ್ಥಾನ ಈ ಮಾರ್ಗವನ್ನೇಕೆ ಹಿಡಿಯಲಿಲ್ಲವೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯನ್ನು ಲಕ್ಷ್ಯದಲ್ಲಿಟ್ಟು ಇಲ್ಲಿ ವಿವೇಚಿಸುತ್ತೇವೆ.

ನಾಣ್ಯವನ್ನು ಅಚ್ಚುಹಾಕುವ ಕೆಲಸ ಈ ಸೀಮೆಗೆ ಹೊಸದಲ್ಲ. ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಟಂಕಸಾಲೆಯಿದ್ದಿತು. ಅಲ್ಲಿಯ ಆನೆಯ ಗುರುತಿನ ತಾಮ್ರದ ಕಾಸುಗಳು ಪ್ರಸಿದ್ಧವಾದವು. ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳಲ್ಲಿ ಕನ್ನಡದಲ್ಲಿಯೇ ಬೆಲೆ ಬರೆದಿದೆ. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿತು, 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸಿದ ಸನ್ನದು, ಬಹುಕಾಲದಿಂದ ನಿಂತುಹೋಗಿದ್ದ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಆರಂಭಿಸಕೂಡದೆಂದು ವಿಧಿಸಿತು. ಶಾಂತಿಕಾಲದಲ್ಲಿ ಈ ನಿಬಂಧನೆ ಯಾರನ್ನೂ ಬಾಧಿಸಲಿಲ್ಲ; ಯುದ್ಧ ಬಂದಾಗ ಅದರ ಭಾರ ವ್ಯಕ್ತವಾಯಿತು.

ಮಂಡ್ಯ ಜಿಲ್ಲೆ ರೂಪುಗೊಂಡುದು 1939ರಲ್ಲಿ. ನಾಲೆಯ ನೀರೂ 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯೂ ಇಲ್ಲಿಯ ಬೇಸಾಯವನ್ನು ಹಣದ ವ್ಯವಹಾರದೊಡನೆ ಬಿಗಿದಿದ್ದವು. ಕಬ್ಬಿನ ಬಟವಾಡೆ ರೂಪಾಯಿಗಳಲ್ಲಾದರೂ ಸಂತೆಯ ಉಪ್ಪು, ಮೆಣಸಿನಕಾಯಿ, ಸೊಪ್ಪುಗಳ ವ್ಯಾಪಾರ ಮೂರುಕಾಸು, ಆರುಕಾಸುಗಳದು. ಒಂದು ರೂಪಾಯಿಗೆ 192 ಕಾಸು. 1940ರಲ್ಲಿ ಬಂದ ಒಂದು ರೂಪಾಯಿಯ ನೋಟನ್ನು ಒಡೆಯಲು ಚಿಲ್ಲರೆಯೇ ಬೇಕು. ಆ ಚಿಲ್ಲರೆ ಭಾರತ ಸರ್ಕಾರದ ಟಂಕಸಾಲೆಗಳಿಂದ ಬರಬೇಕಾಗಿದ್ದಿತು. ಮಂಡ್ಯ, ಮದ್ದೂರುಗಳು ರೈಲುದಾರಿಯ ಮೇಲಿದ್ದವು. ಮಳವಳ್ಳಿಗೆ ಆ ಸೌಕರ್ಯವೂ ಇರಲಿಲ್ಲ.

ಭಾರತ ಸರ್ಕಾರ 1942ರಲ್ಲಿ ನಿಕ್ಕಲ್-ಹಿತ್ತಾಳೆಯ ಅರ್ಧಾಣೆ, ಒಂದಾಣೆ, ಎರಡಾಣೆಗಳನ್ನು ಹೊರಡಿಸಿತು. 1943ರಲ್ಲಿ ತೂತಿನ ಮೂರುಕಾಸು ಬಂದಿತು. ಹಿಂದೆ 75 ಗ್ರೇನ್ ತೂಗುತ್ತಿದ್ದ ನಾಣ್ಯ 30 ಗ್ರೇನಿಗೆ ಇಳಿಯಿತು. ಅದೇ ವರ್ಷ ಲಾಹೋರಿನಲ್ಲಿ ಹೊಸ ಟಂಕಸಾಲೆ ತೆರೆಯಿತು.

ಇದೇ ಕಾಲದಲ್ಲಿ ರಾಯಚೂರು, ಗುಲ್ಬರ್ಗಾ, ಬೀದರಗಳ ಕನ್ನಡಿಗರು ಹೈದರಾಬಾದಿನ ಸ್ವಂತ ನಾಣ್ಯಗಳನ್ನು ಬಳಸುತ್ತಿದ್ದರು. ನಿಜಾಮರ ಸರ್ಕಾರ ತಾನೇ ಕಂಚಿನ ಚೌಕದ ಆಣೆಯನ್ನೂ ತೂತಿನ ಎರಡು ಪೈಯನ್ನೂ ಅಚ್ಚುಹಾಕಿಸಿತು. ಸಕ್ಕರೆ, ಉಕ್ಕು, ವಿದ್ಯುತ್ತುಗಳಲ್ಲಿ ಹೆಸರಾಗಿದ್ದ ಮೈಸೂರಿಗಾದರೋ ಅಂಥ ಅಧಿಕಾರವಿರಲಿಲ್ಲ. ಆದುದರಿಂದ ಮೈಸೂರಿನ ಯುದ್ಧಕಾಲದ ತುರ್ತು ನಾಣ್ಯವಿಲ್ಲದಿರುವುದನ್ನು ಅಭಾವವಿರಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗಿ ಗ್ರಹಿಸಲಾಗದು. ಅದು 1881ರ ಸನ್ನದಿನ ಫಲ. ನಾಣ್ಯದ ಹಕ್ಕು ಅರಸರ ಬಿರುದುಬಾವಲಿಗಳಲ್ಲೊಂದು ಮಾತ್ರವಲ್ಲ, ಸಂತೆಗೆ ಬಂದ ಬಡವನ ಅನುಕೂಲವೂ ಹೌದೆಂಬುದು ಇದರಿಂದ ವೇದ್ಯವಾಗುತ್ತದೆ.